ಕೆಂಚವ್ವನ ಖಾನಾವಳಿಯ ಬೆಳಕಿನ ಉಂಡೆಗಳು

೨೦೦೪ರ ಆಗಸ್ಟ್ ೯, ಸೋಮವಾರ, ಬೆಳಿಗ್ಗೆ ಹತ್ತೂವರೆ. ಬಿಟಿಎಂ ಬಡಾವಣೆಯ ಠಾಣೆಗೆ ಕೆಂಚವ್ವ ಕಾಲಿಟ್ಟಾಗ, ಅವಳ ದನಿಗೆ ಸಿಲ್ಕ್ ಬೋರ್ಡ್‌ನಲ್ಲಿ ನಿಂತಿದ್ದ ಟ್ರಾಫಿಕ್ಕೇ ಬೆದರಿ ಮುಂದೆ ಸರಿಯಿತಂತೆ.

"ಸಾಹೇಬ್ರ, ನನ್ನ ಖಾನಾವಳಿ ಬಾಗಲಕ್ಕ ಯಾರೋ ಈ ಫೋಟೋ ಅಂಟಿಸ್ಯಾರ್ರಿ. ತುಂಬಿ ತುಳಕತಿತ್ತು, ಈಗ ನೊಣಾನೂ ಬರವಲ್ದು. ಹಿಂಗಾದ್ರ ಬಾಗಲಾ ಹಾಕಿ ಬಾದಾಮಿ ಬಸ್ ಹತ್ತಬೇಕ್ರಿ."

ಇನ್‌ಸ್ಪೆಕ್ಟರ್ ಮರುಳಸಿದ್ದಪ್ಪ ಫೋಟೋ ಹಿಡಿದರು. ಇವರ ಬೂಟಿನ ಸಪ್ಪಳ ಕೇಳಿದರೆ ಸಾಕು, ಕಳ್ಳರು ಕದ್ದ ಮಾಲಿನ ಜೊತೆ ಸ್ವಂತದ್ದನ್ನೂ ತಂದು ಒಪ್ಪಿಸುತ್ತಿದ್ದರು. ಚಿತ್ರದಲ್ಲಿ ರೊಟ್ಟಿ ಬಡಿಯುತ್ತಿದ್ದ ಕೆಂಚವ್ವನ ತಲೆಯ ಸುತ್ತ ಬೆಳ್ಳನೆಯ ಬೆಳಕಿನ ಉಂಡೆಗಳು ತೇಲುತ್ತಿದ್ದವು. ಕೆಳಗೆ ಬರಹ: 'ಇಲ್ಲಿ ದೆವ್ವ ಐತಿ. ಉಣ್ಣಾಕ ಬರಬ್ಯಾಡ್ರಿ.'

ಹೆಡ್ ಕಾನ್ಸ್‌ಟೇಬಲ್ ಪಿಳ್ಳಣ್ಣ ಆಗಲೇ ತಾಯತ ಮುಟ್ಟಿಕೊಂಡಿದ್ದ. "ಪಕ್ಕಾ ಆತ್ಮಾನೇ ಸಾರ್. ಎಫ್‌ಐಆರ್‌ನಲ್ಲಿ ಆರೋಪಿ ವಿಳಾಸ ಏನಂತ ಬರೀಲಿ?"

"ಸ್ಮಶಾನ ಅಂತ ಬರೀರಿ. ಮೊದ್ಲು ಕ್ಯಾಮೆರಾ ತಗೊಂಡ್ ಬನ್ರೀ."

ಮಧ್ಯಾಹ್ನ ಎರಡಕ್ಕೆ ಸ್ಥಳ ಪಂಚನಾಮೆ. ಒಲೆ ತಣ್ಣಗಿದ್ದಾಗ ತೆಗೆದ ಚಿತ್ರದಲ್ಲಿ ಗೋಡೆಯ ಹಲ್ಲಿ ಬಿಟ್ಟರೆ ಏನೂ ಇರಲಿಲ್ಲ.

"ಒಂದೆರಡು ರೊಟ್ಟಿ ಬಡಿಯವ್ವಾ," ಎಂದರು ಇನ್‌ಸ್ಪೆಕ್ಟರ್.

ಕೆಂಚವ್ವ ಹಿಟ್ಟು ಉದುರಿಸಿ ಬಡಿಯತೊಡಗಿದಳು. ಆ ಏಟಿಗೆ ಬೇಗೂರು ಕೆರೆಯ ಮೀನುಗಳೂ ನೆಗೆದಿರಬೇಕು. ಫ್ಲಾಶ್ ಮಿಂಚಿತು. ಕ್ಯಾಮೆರಾದ ಪರದೆಯ ತುಂಬ ದೆವ್ವಗಳ ದಿಬ್ಬಣ!

ಪಿಳ್ಳಣ್ಣ ಬಾಗಿಲಿನತ್ತ ಸರಿದ.

"ಎಲ್ಲಿಗ್ರೀ? ಜೋಳದ ಹಿಟ್ಟು ಅದು. ಲೆನ್ಸ್ ಹತ್ರ ಹಾರೋ ಧೂಳಿಗೆ ಫ್ಲಾಶ್ ಬಿದ್ರೆ ಹಿಂಗೇ ಉಬ್ಬಿ ಕಾಣುತ್ತೆ."

ನಂಬದ ಪಿಳ್ಳಣ್ಣ ತನ್ನ ಟೋಪಿಯನ್ನು ಕ್ಯಾಮೆರಾದ ಮುಂದೆ ಕೊಡವಿ ನೋಡಿದ. ಇಡೀ ಸರ್ವಿಸಿನ ಧೂಳು, ಆಕಾಶಗಂಗೆಯೇ ಇಳಿದುಬಂತು. ಪಂಚನಾಮೆಗೆ ಹಿಟ್ಟು ಒಂದು ಹಿಡಿ, ಟೋಪಿ ಒಂದು ಸೇರಿದವು. ಹಿಟ್ಟಿನ ಗುಟ್ಟು ಯಾರಿಗೂ ಹೇಳಬಾರದೆಂದು ಕೆಂಚವ್ವನಿಗೆ ತಾಕೀತಾಯಿತು.

ಇನ್ನು ಅಂಟಿಸಿದವರು ಯಾರು?

"ಊಟಕ್ಕೆ ಒಬ್ರೂ ಬರ್ತಿಲ್ವಾ?"

"ಒಬ್ಬ ಬರ್ತಾನ್ರಿ. ನಮ್ಮ ಕಡೆ ಹುಡುಗ, ಸಂಗಮೇಶ ಅಂತ, ಇಲ್ಲೇ ಒಂದು ಆಫೀಸಿನ್ಯಾಗ ಅದಾನ. ಭಾಳ ಧೈರ್ಯದಾಂವ, ಎರಡೂ ಹೊತ್ತು ಉಣ್ತಾನ."

ಮರುಳಸಿದ್ದಪ್ಪನವರ ಮೀಸೆ ನಕ್ಕಿತು. ದೆವ್ವದ ಮನೆಯಲ್ಲಿ ಎರಡು ಹೊತ್ತು ಉಣ್ಣುವವನು ಒಂದೋ ಮಂತ್ರವಾದಿ, ಇಲ್ಲವೇ ದೆವ್ವವನ್ನು ತಯಾರಿಸಿದವನು.

ಸಂಜೆ ಏಳೂವರೆಗೆ ಸಂಗಮೇಶ ಎಣ್ಣೆಗಾಯಿ ಮುಂದಿಟ್ಟುಕೊಂಡು ಒಬ್ಬನೇ ಕೂತಿದ್ದ. ಇನ್‌ಸ್ಪೆಕ್ಟರ್ ಎದುರಿನ ಬೆಂಚಿಗೆ ಬಂದರು.

"ಹೆದ್ರಿಕೆ ಇಲ್ವೇನಪ್ಪಾ?"

"ಯಾತಕ್ಕ್ರೀ? ಬರೇ ಹಿಟ್ಟಲ್ಲೇನ್ರಿ ಅದು."

"ಹಿಟ್ಟು ಅಂತ ನಿಂಗ್ಯಾರು ಹೇಳಿದ್ರು?"

ತುತ್ತು ಬಾಯಿಯ ಹತ್ತಿರವೇ ನಿಂತಿತು. ಅವನ ಚೀಲದಲ್ಲಿ ಕ್ಯಾಮೆರಾ ಸಿಕ್ಕಿತು. ಅದರೊಳಗೆ ಅದೇ ಫೋಟೋ. ಅಲ್ಲೇ ಬಂಧನವಾಯಿತು.

ಠಾಣೆಯಲ್ಲಿ ಅವನು ತಲೆ ಎತ್ತಲಿಲ್ಲ. "ಮೊದಲ ನಾ ಒಬ್ಬನ ಬರ್ತಿದ್ದೆ ಸರ. ಅವ್ವ ಎದುರಿಗೆ ಕುಂತು 'ಇನ್ನೊಂದು ಹಾಕ್ಲೇನೋ ತಮ್ಮಾ' ಅಂತಿದ್ಲು. ಮಂದಿ ಹೆಚ್ಚಾದ ಮ್ಯಾಲ 'ಲಗೂ ಏಳು, ಜಾಗಾ ಬಿಡು' ಅಂದ್ಲು. ಮತ್ತ ಮೊದಲಿನಂಗ ಆಗ್ಲಿ ಅಂತ..."

ಮರುದಿನ ಬೆಳಿಗ್ಗೆ ಜಾಮೀನು ಸಿಗುವುದಿತ್ತು. ಅದಕ್ಕೆ ಮುಂಚೆಯೇ ಬುಟ್ಟಿ ಹೊತ್ತು ಕೆಂಚವ್ವ ಬಂದಳು. "ಹುಚ್ಚ ಖೋಡಿ! ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?" ಎಂದು ಬೈದು, ಲಾಕಪ್ಪಿನ ಸರಳಿನ ಮುಂದೆ ನೆಲದ ಮೇಲೇ ಕೂತಳು. ಅವನು ಉಂಡು ಮುಗಿಸುವವರೆಗೂ ಏಳಲಿಲ್ಲ.

"ಇನ್ನೊಂದು ಹಾಕ್ಲೇನೋ ತಮ್ಮಾ?"

ಸಂಗಮೇಶ ತಟ್ಟೆ ಚಾಚಿದ. ಪಕ್ಕದಲ್ಲಿ, ಟೋಪಿ ಕೊಡವಿ ಬದಿಗಿಟ್ಟು, ಪಿಳ್ಳಣ್ಣನೂ ಚಾಚಿದ.