ನಡುವೆ ನಿಲ್ಲುವ ಹಾಡು

"ನಿಮಗ ಭಾಳ ತ್ರಾಸ ಕೊಟ್ಟೆ. ಮಾಫ್ ಮಾಡ್ರಿ. ಇನ್ನ ಮ್ಯಾಲ ಬಾರಸೂದಿಲ್ಲ."

ಬಾಗಿಲು ತೆರೆದ ದಾನೇಶ್ವರಿಗೆ ಮೊದಲು ಕಂಡದ್ದು ಅವನ ಹೆಗಲಿಗೆ ತೂಗುಬಿದ್ದಿದ್ದ ಗಿಟಾರಿನ ಕಪ್ಪು ಚೀಲ. ಆಮೇಲೆ ಕಾಲ ಬಳಿಯ ಟ್ರಂಕು. ಕೊನೆಗೆ ಮುಖ.

ಮೂರು ತಿಂಗಳಿಂದ ಒಂದೇ ಗೋಡೆಯಾಚೆ ಇದ್ದವನ ಮುಖ!

ತೆಳ್ಳಗಿನ ಮುಖ, ನಿದ್ದೆಗೆಟ್ಟ ಕಣ್ಣು. ಆ ಕಣ್ಣು ಅವಳನ್ನು ಸರಿಯಾಗಿ ನೋಡಲೂ ಇಲ್ಲ. ಹೇಳಬೇಕಾದದ್ದು ಹೇಳಿ, ಟ್ರಂಕು ಎತ್ತಿಕೊಂಡು, ಓಣಿಯ ಬಾಯಿಯಲ್ಲಿ ನಿಂತಿದ್ದ ಆಟೋ ಹತ್ತಿ ಹೋಗಿಬಿಟ್ಟ.

ಅವಳ ಕೈಯಲ್ಲಿ ಚಹಾ ಸೋಸುವ ಜರಡಿ ಹಾಗೇ ಇತ್ತು. ತ್ರಾಸವೇ? ನನಗೆ ಯಾವ ತ್ರಾಸ?

ದಾನೇಶ್ವರಿ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ದಿಮ್ಮಿಗಳ ಮುಖದ ಮೇಲೆ ಬಿಳಿ ಬಣ್ಣದಿಂದ ನಂಬರು ಬರೆಯುವವಳು. ಅಪ್ಪ ಸಾತಪ್ಪನೂ ಅಲ್ಲಿಯೇ ದುಡಿದವನು. ದಿಮ್ಮಿಯ ಒಂದು ತುದಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಕಿವಿ ಇಟ್ಟು, ಒಳಗೆ ಗಟ್ಟಿಯೋ ಪೊಳ್ಳೋ ಹೇಳುತ್ತಿದ್ದ. ಮಗಳಿಗೂ ಆ ಕಿವಿಯನ್ನೇ ಕೊಟ್ಟಿದ್ದ. ಅವಳು ಸಣ್ಣವಳಿದ್ದಾಗ ದಿಮ್ಮಿಯ ಆಚೆ ತುದಿಯಿಂದ ಅವನು ಎರಡು ಸಲ ಬಡಿದರೆ, ಈಚೆ ತುದಿಯಿಂದ ಅವಳು ಎರಡು ಸಲ ಬಡಿಯಬೇಕು. ನಾನು ಇಲ್ಲೇ ಇದ್ದೇನೆ ಎಂದು.

ತಾಯಿ ಮೊದಲೇ ಹೋಗಿದ್ದಳು. ಅಪ್ಪ ಹೋಗಿ ಎರಡು ವರ್ಷ. ಆಮೇಲೆ ಆಚೆ ತುದಿಯಿಂದ ಯಾರೂ ಬಡಿದಿರಲಿಲ್ಲ.

ಸಂಜೆ ಆರಕ್ಕೆ ಮನೆಗೆ ಬಂದರೆ ಕೀಲಿ ತೆಗೆಯುವ ಸದ್ದು, ಸ್ಟೋವಿನ ಸದ್ದು, ಒಂದು ತಾಟು ತೊಳೆಯುವ ಸದ್ದು. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಎಂಬುದೇ ಅವಳಿಗೆ ಇನ್ನೂ ರೂಢಿಯಾಗಿರಲಿಲ್ಲ. ದಿನಾ ಒಂದು ಹಿಡಿ ಹೆಚ್ಚಾಗುತ್ತಿತ್ತು.

ಅಂಥದ್ದರಲ್ಲಿ ಒಂದು ಸಂಜೆ ಗೋಡೆಯಾಚೆಯಿಂದ ಗಿಟಾರು ಕೇಳಿಸಿತು.

ಆ ಕೋಣೆಯ ಬಾಗಿಲು ಹಿಂದಿನ ಓಣಿಗೆ ಇತ್ತು. ಮುಂಡಗೋಡ ಕಡೆಯ ಹುಡುಗ, ಶರಣಬಸವ ಅಂತ ಹೆಸರು, ಪೇಪರ್ ಮಿಲ್ಲಿನಲ್ಲಿ ಪಾಳಿ ಕೆಲಸ ಎಂದು ಓಣಿಯ ಹಿರಿಯಳು ಕಾಶೆವ್ವ ಹೇಳಿದ್ದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಅವನು ದಿನಾ ಒಂದೇ ಹಾಡು ಬಾರಿಸುತ್ತಿದ್ದ. ಬೆರಳು ತಡವರಿಸುತ್ತಿದ್ದವು, ತಪ್ಪುತ್ತಿದ್ದವು, ಮತ್ತೆ ಮೊದಲಿನಿಂದ. ಹಾಡಿನ ನಡುವೆ ಒಂದು ಕಡೆ ಮಾತ್ರ ಅದು ತಟ್ಟನೆ ನಿಲ್ಲುತ್ತಿತ್ತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಆಮೇಲೆ ಮುಂದುವರಿಯುತ್ತಿತ್ತು.

ಆ ನಿಲುಗಡೆ ಅವಳಿಗೆ ಹಾಡಿಗಿಂತ ಹೆಚ್ಚು ಹತ್ತಿರವಾಯಿತು. ಹೇಳಬೇಕೆಂದುಕೊಂಡದ್ದನ್ನು ಯಾರೋ ನುಂಗಿಕೊಂಡ ಹಾಗೆ... ಅಲ್ಲಿಗೆ ಬಂದಾಗ ಅವಳ ಕೈಯಲ್ಲಿದ್ದ ಸೌಟೂ ನಿಲ್ಲುತ್ತಿತ್ತು. ಅವನಿಗೆ ಎರಡನೇ ಪಾಳಿ ಬಂದ ವಾರ ಸಂಜೆಗಳು ಖಾಲಿ. ಆ ವಾರ ಅವಳು ಡಿಪೋದಿಂದ ಸುತ್ತು ಹಾಕಿ, ತಡವಾಗಿ ಮನೆಗೆ ಬರುತ್ತಿದ್ದಳು.

ಒಂದು ದಿನ ನಿಲುಗಡೆ ಉದ್ದವಾಯಿತು. ಒಂದು ಉಸಿರು, ಎರಡು, ಹತ್ತು... ಹಾಡು ಮುಂದುವರಿಯಲೇ ಇಲ್ಲ. ಅವಳಿಗೆ ಯಾಕೋ ದಿಗಿಲಾಯಿತು. ಎದ್ದು ಹೋಗಿ, ಯೋಚಿಸುವ ಮೊದಲೇ, ಬೆರಳ ಗೆಣ್ಣಿನಿಂದ ಗೋಡೆಗೆ ಎರಡು ಸಲ ಬಡಿದಳು.

ಆಚೆ ಪೂರ್ತಿ ಸ್ತಬ್ಧ. ಮರುದಿನವೂ ಇಲ್ಲ. ಅವಳು ಮತ್ತೆ ಬಡಿದಳು. ನಾಲ್ಕನೇ ದಿನ ಅವನು ಟ್ರಂಕಿನೊಂದಿಗೆ ಬಾಗಿಲಲ್ಲಿ ನಿಂತಿದ್ದ.

ಅರ್ಥ ಬಿಡಿಸಿ ಹೇಳಿದವಳು ಕಾಶೆವ್ವ. ನಳದ ಮುಂದೆ ಕೊಡ ಇಡುತ್ತಾ ಕೇಳಿದಳು, "ಯಾಕ ದಾನವ್ವಾ, ಅಷ್ಟು ಸಣ್ಣ ಸಪ್ಪಳಕ್ಕ ಗ್ವಾಡಿ ಬಡೀತಾರೇನು? ಪಾಪ, ಹಳಿಯಾಳಕ್ಕ ಖೋಲಿ ಮಾಡ್ಯಾನಂತ. ದಿನಾ ಬಸ್ಸಿಗೆ ಓಡ್ಯಾಡಬೇಕಾತು."

ದಾನೇಶ್ವರಿಯ ಕೊಡ ತುಂಬಿ ಹರಿಯಿತು. ಅವಳು ನಳ ನಿಲ್ಲಿಸಲಿಲ್ಲ.

ನನ್ನಿಂದ ಒಬ್ಬ ಮನುಷ್ಯ ಬಾರಿಸುವುದನ್ನೇ ಬಿಟ್ಟ...

ಅರ್ಧ ದಿನದ ರಜೆ ಹಾಕಿ ಮಿಲ್ಲಿನ ಗೇಟಿಗೆ ಹೋದಳು. ಎರಡು ಗಂಟೆಗೆ ಪಾಳಿ ಬಿಟ್ಟಿತು. ರಸ್ತೆಯ ಈಚೆ ಚಹಾದಂಗಡಿಯ ಬಳಿ ಅವಳು, ಆಚೆ ಗುಂಪಿನ ನಡುವೆ ಅವನು. ಅವನು ಅವಳನ್ನು ನೋಡಿದ. ನೋಡಿದ್ದು ಖಂಡಿತ. ತಲೆ ತಗ್ಗಿಸಿ, ಬೇರೆ ದಿಕ್ಕಿಗೆ ತಿರುಗಿ, ಹಳಿಯಾಳದ ಬಸ್ಸು ಹತ್ತಿದ. ನಡುರಸ್ತೆಯಲ್ಲಿ ಕೂಗಿ ಹೇಳುವ ಮಾತೇ ಅದು? ಅವಳು ಹಾಗೇ ತಿರುಗಿ ಬಂದಳು. ಮತ್ತೆ ಹೋಗುವ ಧೈರ್ಯ ಆಗಲಿಲ್ಲ.

ಗೋಡೆ ಸುಮ್ಮನಿತ್ತು. ಕಿವಿ ಮಾತ್ರ ಸುಮ್ಮನಿರಲಿಲ್ಲ. ಆ ಹಾಡು ಅದರೊಳಗೆ ಸಂಜೆ ಆರೂವರೆಗೆ ತಾನೇ ಶುರುವಾಗುತ್ತಿತ್ತು. ಇದು ಒಂದು ದಿನ ಮರೆತುಹೋದರೆ? ಅಪ್ಪನ ಧ್ವನಿ ಹೀಗೇ ಸ್ವಲ್ಪ ಸ್ವಲ್ಪ ಅಳಿಸಿಹೋಗಿತ್ತು. ಇದನ್ನಾದರೂ ಹಿಡಿದುಕೊಳ್ಳಬೇಕು ಅನಿಸಿತು.

ಪೇಟೆಯಲ್ಲಿ ಸೈಕಲ್ ಅಂಗಡಿಯ ಮಾಳಿಗೆ ಮೇಲೆ ಮಹಾಬಳೇಶ್ವರ ಮಾಸ್ತರರು ರವಿವಾರ ಮುಂಜಾನೆ ಗಿಟಾರ್ ಕಲಿಸುತ್ತಿದ್ದರು. ದಾಂಡೇಲಿಗೆಲ್ಲ ಅದೊಂದೇ ಕ್ಲಾಸು. ಹೋಗಿ, ತನಗೆ ಒಂದೇ ಒಂದು ಹಾಡು ಕಲಿಯಬೇಕಾಗಿದೆ ಎಂದಳು. ಮಾಸ್ತರರು ನಗದೆ, ಮೂಲೆಯಲ್ಲಿದ್ದ ಹಳೆಯ ಗಿಟಾರು ಎತ್ತಿ ಕೊಟ್ಟರು. ಅವಳು ತಂತಿ ಮುಟ್ಟುವ ಮೊದಲು ಅದರ ಹಲಗೆಗೆ ಎರಡು ಸಲ ಬಡಿದು ಕೇಳಿದಳು. ಗಟ್ಟಿ ಇತ್ತು.

ಆ ಮಾಳಿಗೆಯಲ್ಲಿ ಒಬ್ಬೊಬ್ಬರು ಒಂದೊಂದು ದಾರಿಯಿಂದ ಹಾಡಿನೊಳಗೆ ಹೋಗುತ್ತಿದ್ದರು. ಬಸ್ ಕಂಡಕ್ಟರ್ ಈರೇಶ ಮೊಬೈಲಿನಲ್ಲಿ ವಿಡಿಯೋವನ್ನು ಅರ್ಧ ವೇಗಕ್ಕೆ ಇಳಿಸಿ, ಬಾರಿಸುವವನ ಬೆರಳು ಎಲ್ಲಿ ಹೋಗುತ್ತವೆ ಎಂದು ಕಣ್ಣು ಕಿರಿದು ಮಾಡಿ ನೋಡಿ ಕಲಿಯುವವನು. ನರ್ಸ್ ಕೆಲಸದ ಜ್ಯೋತಿಗೆ ಆರು ಗೆರೆ ಎಳೆದು, ಯಾವ ತಂತಿ, ಗಿಟಾರಿನ ಕತ್ತಿನ ಮೇಲೆ ಎಷ್ಟನೇ ಮನೆ ಎಂದು ಅಂಕಿ ಬರೆದುಕೊಡಬೇಕು. ಅಂಕಿ ಇಲ್ಲದಿದ್ದರೆ ಅವಳ ಕೈ ಏಳುತ್ತಿರಲಿಲ್ಲ. ದಾನೇಶ್ವರಿಗೆ ಇವೆರಡೂ ಬೇಡ. ಕಣ್ಣು ಮುಚ್ಚಿ, ಕಿವಿಯೊಳಗಿನ ಸ್ವರಕ್ಕೆ ತಂತಿಯ ಸ್ವರ ಕೂಡುವ ತನಕ ಬೆರಳನ್ನು ಒಂದೊಂದೇ ಮನೆ ಸರಿಸುತ್ತಾ ಹೋಗುವಳು. ಒಂದು ಸಾಲಿಗೆ ಒಂದು ತಿಂಗಳು ಹಿಡಿಯಿತು. ಬೆರಳ ತುದಿ ಒಡೆದವು, ಗಟ್ಟಿಯಾದವು. ಡಿಪೋದಲ್ಲಿ ಬಣ್ಣದ ಕುಂಚ ಹಿಡಿದಾಗ ಆ ಗಟ್ಟಿ ಗುರುತು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ನಾಲ್ಕು ತಿಂಗಳಿಗೆ ಹಾಡು ಮುಕ್ಕಾಲು ಬಂತು. ಮಾಸ್ತರರು ಗುರುತು ಹಿಡಿದರು. ಹಳೇ ಸಿನಿಮಾದ್ದು. ಆದರೆ ನಡುವೆ ಅವಳು ನಿಂತಾಗ ಕೈ ಎತ್ತಿ ತಡೆದರು.

"ಅಲ್ಲಿ ಯಾಕ ನಿಂದರ್ತೀ ತಂಗಿ? ಅಲ್ಲಿ ನಿಲ್ಲೂದಿಲ್ಲ."

ನಿಲ್ಲೂದು ಐತಿ ಎಂದಳು ಅವಳು. ಮಾಸ್ತರರು ಮೊಬೈಲಿನಲ್ಲಿ ಮೂಲ ಹಾಡು ಹಾಕಿ ಕೇಳಿಸಿದರು. ಎಲ್ಲಿಯೂ ನಿಲ್ಲದೆ ಅದು ಸರಾಗ ಹರಿದುಹೋಯಿತು. ಅವಳಿಗೆ ಅದು ಬೇರೆ ಯಾರದೋ ಹಾಡು ಅನಿಸಿತು.

ಹಾಗಾದರೆ ಆ ನಿಲುಗಡೆ ಅವನದು. ಅವನೊಬ್ಬನದು. ಅಲ್ಲಿಗೆ ಬಂದಾಗ ಅವನಿಗೆ ಏನು ನೆನಪಾಗುತ್ತಿತ್ತೋ...

ಮಾಸ್ತರರು ಎಷ್ಟು ತಿದ್ದಿದರೂ ಅವಳು ಅದನ್ನು ಬಿಡಲಿಲ್ಲ. ಪ್ರತಿ ರವಿವಾರ ಅವಳು ಅಲ್ಲಿ ನಿಲ್ಲುವುದು, ಈರೇಶ ತನ್ನ ಡ್ಯೂಟಿ ಧ್ವನಿಯಲ್ಲಿ ಕೂಗುವುದು.

"ಸ್ಟಾಪ್ ಬಂತು, ಇಳಿಯಾವ್ರು ಇಳೀರಿ."

ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ತಾನು ಅಂದು ಬಡಿದಿದ್ದ ಜಾಗದಲ್ಲಿ ನಿಂತು ಗೋಡೆ ನೋಡುತ್ತಿದ್ದಳು. ಆಚೆಯ ಕೋಣೆಗೆ ಇನ್ನೂ ಬಾಡಿಗೆಯವರು ಬಂದಿರಲಿಲ್ಲ.

ಅವನು ಹೋಗಿ ಎಂಟು ತಿಂಗಳಾದ ಮೇಲಿನ ಒಂದು ರವಿವಾರ.

ಶರಣಬಸವ ಸೈಕಲ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುತ್ತಿದ್ದ. ಹೆಗಲ ಮೇಲೆ ಅದೇ ಕಪ್ಪು ಚೀಲ. ಎಂಟು ತಿಂಗಳಿಂದ ಅದರ ಚೈನು ತೆಗೆದಿರಲಿಲ್ಲ. ಇಟ್ಟುಕೊಂಡು ಮಾಡುವುದೇನು? ಕಲಿಯುವವರಿಗಾದರೂ ಆಗಲಿ, ಮಾಸ್ತರರಿಗೆ ಕೊಟ್ಟುಬಿಡೋಣ ಎಂದು ಬಂದಿದ್ದ.

ಅರ್ಧ ಮೆಟ್ಟಿಲಲ್ಲಿ ಹಾಡು ಕೇಳಿಸಿತು. ತನ್ನ ಹಾಡು. ತನಗಿಂತ ಚೆನ್ನಾಗಿ ಯಾರೋ ಬಾರಿಸುತ್ತಿದ್ದಾರೆ ಎಂದುಕೊಂಡು ಮೇಲೆ ಬಂದ.

ಹಾಡು ತಟ್ಟನೆ ನಿಂತಿತು.

ಒಂದು ಉಸಿರಿನಷ್ಟು ಹೊತ್ತು. ಆ ಹೊತ್ತಿನಲ್ಲಿ ಅವನ ಬಲಗೈ ತಾನೇ ಮೇಲೆದ್ದು ಗಾಳಿಯಲ್ಲಿ ಏನನ್ನೋ ಮಗುಚಿ ಹಾಕಿತು. ಹಾಡು ಮುಂದುವರಿಯಿತು.

"ಸ್ಟಾಪಿನಾಗ ಯಾರೋ ಹತ್ತಾಕತ್ತಾರ," ಎಂದ ಈರೇಶ, ಬಾಗಿಲ ಕಡೆ ನೋಡಿ.

ದಾನೇಶ್ವರಿ ಕಣ್ಣು ತೆರೆದಳು. ಅವಳ ಕೈ ತಂತಿಯ ಮೇಲೇ ಉಳಿಯಿತು. ಇಬ್ಬರ ಮುಖವನ್ನೂ ನೋಡಿದ ಮಾಸ್ತರರು, ಈರೇಶನನ್ನೂ ಜ್ಯೋತಿಯನ್ನೂ ಚಹಾಕ್ಕೆಂದು ಕೆಳಗೆ ಕರೆದುಕೊಂಡು ಹೋದರು.

ಅವನು ಬಾಗಿಲ ಬಳಿಯೇ ನಿಂತಿದ್ದ.

"ಅಲ್ಲಿ ಯಾಕ ನಿಂತ್ರಿ?" ಎಂದು ಕೇಳಿದ.

"ನೀವು ನಿಲ್ತಿದ್ರಲ್ಲಾ."

"ಹಾಡಿನಾಗ ಅದು ಇಲ್ರಿ."

"ಗೊತ್ತೈತಿ. ನಿಮ್ಮ ಹಾಡಿನಾಗ ಐತಿ."

ಅವನು ಮೆಲ್ಲಗೆ ಒಳಗೆ ಬಂದು ಚಾಪೆಯ ತುದಿಯಲ್ಲಿ ಕೂತ. ಚೀಲದ ಚೈನು ಎಳೆದು, ಗಿಟಾರಿನ ಪಕ್ಕದಿಂದ ಒಂದು ಹಾಳಿ ತೆಗೆದ. ಮಿಲ್ಲಿನ ಒರಟು ಹಾಳಿ, ಎರಡೂ ಬದಿಗೆ ಸಣ್ಣ ಅಕ್ಷರದಲ್ಲಿ ಹಾಡಿನ ಸಾಲು, ಸಾಲಿನ ಮೇಲೆ ಯಾವಾಗ ಯಾವ ತಂತಿ ಒತ್ತಿ ಹಿಡಿಯಬೇಕು ಎಂಬ ಗುರುತು.

"ನನಗ ಬರದದ್ದು ಕಣ್ಣ ಮುಂದ ಇರಬೇಕ್ರಿ. ಇಲ್ಲಂದ್ರ ಏನೂ ಬರೂದಿಲ್ಲ. ಅಲ್ಲಿಗೆ ಈ ಬಾಜು ಮುಗೀತಿತ್ತು. ಹಾಳಿ ತಿರುವಿ ಹಾಕೂ ತನಕ ನಿಲ್ತಿದ್ದೆ. ಅಷ್ಟ."

ಅಷ್ಟೇ. ಹಾಳಿ ತಿರುವುವ ಹೊತ್ತು. ಅದರೊಳಗೆ ಅವಳು ಎಂಟು ತಿಂಗಳು ಏನೇನೆಲ್ಲ ತುಂಬಿಟ್ಟಿದ್ದಳು! ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು.

"ಮತ್ತ ಆವತ್ತು? ಅಷ್ಟೊತ್ತು ಯಾಕ ನಿಂತ್ರಿ?"

"ಫ್ಯಾನಿನ ಗಾಳಿಗೆ ಹಾಳಿ ಹಾರಿ ಕಾಟಿನ ಬುಡಕ ಹೋಗಿತ್ತು. ಬಗ್ಗಿ ಹುಡುಕಾಕತ್ತಿದ್ದೆ. ಅಷ್ಟರಾಗ ನೀವು ಗ್ವಾಡಿ ಬಡದ್ರಿ. ಮೊದಲಿನ ಖೋಲಿಯ ಬಾಜೂದವ್ರೂ ಹಂಗ ಬಡದು ಖೋಲಿ ಬಿಡಿಸಿದ್ರು. ಇಲ್ಲೂ ಆತು ಅಂತ ತಿಳಕೊಂಡೆ."

"ನಿಲ್ಲಸ್ರಿ ಅಂತ ಬಡೀಲಿಲ್ರಿ ನಾ."

ಅಪ್ಪನ ಬಗ್ಗೆ, ದಿಮ್ಮಿಯ ಎರಡು ತುದಿಗಳ ಬಗ್ಗೆ, ದಿನಾ ಹೆಚ್ಚಾಗುವ ಒಂದು ಹಿಡಿ ಅಕ್ಕಿಯ ಬಗ್ಗೆ, ಯಾರಿಗೂ ಹೇಳದಿದ್ದದ್ದನ್ನೆಲ್ಲ ತಡೆದು ತಡೆದು ಹೇಳಿದಳು.

"ಗೇಟಿನ ಮುಂದ ನಿಮ್ಮನ್ನ ಕಂಡಾಗ ಬೈಯಾಕ ಬಂದೀರಿ ಅಂದ್ಕೊಂಡೆ," ಎಂದ ಕೊನೆಗೆ.

"ಬೈಯೂದಿತ್ತು. ಇನ್ನೂ ಐತಿ."

ಅವನ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಹಾಳಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಇಟ್ಟುಬಿಟ್ಟ. ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡ. ತಂತಿಗಳು ಜಂಗು ಹಿಡಿದಿದ್ದವು.

"ಹಾಳಿ ಇಲ್ದ ಕಲಸ್ತೀರೇನು?"

"ಕಲಸ್ತೇನಿ. ಆದ್ರ ಅಲ್ಲಿ ನಿಲ್ಲೂದು ಮಾತ್ರ ಬಿಡಬ್ಯಾಡ್ರಿ."

ಅವಳು ಶುರು ಮಾಡಿದಳು. ಅವನು ಅವಳ ಬೆರಳು ನೋಡದೆ, ಕಣ್ಣು ಮುಚ್ಚಿ, ಕೇಳುತ್ತಾ ಹಿಂದೆ ಬಂದ. ತಪ್ಪಿದ, ತಡವರಿಸಿದ, ಮತ್ತೆ ಕೂಡಿಕೊಂಡ. ಆ ಜಾಗ ಬಂತು. ಇಬ್ಬರ ಕೈಯೂ ನಿಂತಿತು.

"ನನ್ನ ಖೋಲಿ ಇನ್ನೂ ಖಾಲಿ ಐತೇನ್ರಿ?" ಎಂದ ಅವನು, ಕಣ್ಣು ತೆರೆಯದೆ.

"ಐತಿ. ಆದ್ರ ನಡುವ ಗ್ವಾಡಿ ಐತಿ."

ಕೆಳಗೆ ಸೈಕಲ್ಲಿಗೆ ಯಾರೋ ಗಾಳಿ ಹಾಕುತ್ತಿದ್ದರು. ಅವನ ಬಲಗೈ ತಂತಿ ಬಿಟ್ಟು ಕೆಳಗಿಳಿಯಿತು. ಗಿಟಾರಿನ ಹಲಗೆಗೆ, ಬೆರಳ ಗೆಣ್ಣಿನಿಂದ, ಎರಡು ಸಲ ಮೆಲ್ಲಗೆ ಬಡಿದ.

"ನಾ ಇಲ್ಲೇ ಅದೀನ್ರಿ," ಎಂದಳು ದಾನೇಶ್ವರಿ. "ಮುಂದ ಬಾರಸ್ರಿ."