ಎರಡು ಗುರುತುಗಳ ಪುಸ್ತಕ

"ಶ್... ನೀನೇನೂ ನೋಡಿಲ್ಲ, ಗೊತ್ತಾಯ್ತಾ?" ಅಂದಳು ಬುಗುರಿ.

ದಿಂಬು ನೋಡುತ್ತಲೇ ಇತ್ತು. ಅಪ್ಪನ ಕುರ್ಚಿಯಲ್ಲಿ ಮೈಚೆಲ್ಲಿ ಮಲಗಿದ್ದ ಆ ಮುದಿ ಬೆಕ್ಕು ಒಂದೇ ಒಂದು ಕಣ್ಣು ತೆರೆದು, ಪುಸ್ತಕದೊಳಗೆ ತೂರಿದ್ದ ಅವಳ ಕೈಯನ್ನೇ ಗಮನಿಸುತ್ತಿತ್ತು.

ಪಕ್ಕದ ಕೋಣೆಯಲ್ಲಿ ಅಮ್ಮನ ಹೊಲಿಗೆ ಮಷಿನ್ ಟಕಟಕ ಓಡುತ್ತಿತ್ತು. ಅದು ನಿಲ್ಲುವಷ್ಟರಲ್ಲಿ ಕೆಲಸ ಮುಗಿಯಬೇಕು. ನಿಂತಲ್ಲಿ ನಿಲ್ಲದವಳು ಅಂತ ಅವಳಿಗೆ ಬುಗುರಿ ಎಂಬ ಹೆಸರು ಬಿದ್ದಿತ್ತು. ಈಗ ಮಾತ್ರ ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು.

ಅದು ಲೈಬ್ರರಿಯಿಂದ ತಂದ ದಪ್ಪನೆಯ ಕಾದಂಬರಿ. ನದಿ ದಾಟಿಸುವ ದೋಣಿ ನಡೆಸುವ ಅಕ್ಕತಂಗಿಯರ ಕತೆ. ಅದರೊಳಗೆ ಎರಡು ಗುರುತುಗಳಿದ್ದವು. ಸವೆದ ಅಳತೆ ಟೇಪಿನಿಂದ ಕತ್ತರಿಸಿದ ಹಳದಿ ತುಂಡು ಅಮ್ಮನದು. ಮೂಲೆ ಹರಿದ ರಟ್ಟಿನ ಚೀಟಿ ಅಪ್ಪನದು. ಅದರ ಮೇಲೆ ಕೆಂಪಕ್ಷರದಲ್ಲಿ 'ದುರಸ್ತಿಯಲ್ಲಿದೆ' ಅಂತ ಇತ್ತು. ಅಪ್ಪ ಲಿಫ್ಟ್ ಮೆಕ್ಯಾನಿಕ್. ಕೆಟ್ಟುನಿಂತ ಲಿಫ್ಟಿನ ಬಾಗಿಲಿಗೆ ನೇತುಹಾಕುವ ಚೀಟಿ ಅದು.

ಯಾವಾಗಲೂ ಹಳದಿ ಟೇಪು ಮುಂದೆ, ಅಪ್ಪನ ಚೀಟಿ ಹಿಂದೆ. ಬುಗುರಿ ಚೀಟಿಯನ್ನು ಎಳೆದು, ಟೇಪನ್ನೂ ದಾಟಿಸಿ, ಎಷ್ಟೋ ಹಾಳೆ ಮುಂದಕ್ಕೆ ಸಿಕ್ಕಿಸಿದಳು. ಸಂಜೆ ಅಪ್ಪ ಪುಸ್ತಕ ತೆಗೆದು, "ಇದೇನಿದು, ಇದ್ಯಾರಿವರೆಲ್ಲ, ಎಲ್ಲಿಂದ ಬಂದ್ರು?" ಅಂತ ತಲೆ ಕೆರೆದುಕೊಳ್ಳುವುದನ್ನು ನೆನೆಸಿಕೊಂಡೇ ಅವಳಿಗೆ ನಗು ಉಕ್ಕಿ ಬಂತು.

ಒಂದೇ ಪುಸ್ತಕವನ್ನು ಇಬ್ಬರೂ ಓದುವುದು ಬುಗುರಿ ಹುಟ್ಟುವ ಮೊದಲಿನಿಂದಲೂ ನಡೆದುಬಂದದ್ದು. ಮದುವೆಯಾದ ಹೊಸತರಲ್ಲಿ ಅಪ್ಪ ಅಮ್ಮನಿಗೆ ಒಬ್ಬರ ಬಗ್ಗೆ ಒಬ್ಬರಿಗೆ ಏನೂ ಗೊತ್ತಿರಲಿಲ್ಲವಂತೆ. ಸಂಜೆ ಎದುರುಬದುರು ಕೂತರೆ ಮಾತಾಡಲು ಮಾತೇ ಸಿಗುತ್ತಿರಲಿಲ್ಲವಂತೆ. ಇದ್ದದ್ದು ಒಂದು ಲೈಬ್ರರಿ ಕಾರ್ಡು, ಒಂದು ಸಲಕ್ಕೆ ಒಂದು ಪುಸ್ತಕ. ಇಬ್ಬರೂ ಅದನ್ನೇ ಓದೋಣ ಅಂತ ಮೊದಲು ಹೇಳಿದ್ದು ಯಾರೋ, ಇಬ್ಬರೂ ಇನ್ನೊಬ್ಬರ ಕಡೆ ಬೊಟ್ಟು ಮಾಡುತ್ತಾರೆ. ನಿಯಮ ಒಂದೇ: ಮುಂದೆ ಓದಿದವರು ಹಿಂದಿರುವವರಿಗೆ ಬಾಯಿ ಬಿಡಬಾರದು.

ಮಷಿನ್ ನಿಂತ ಮೇಲೆ ಮೊದಲು ಅಮ್ಮನ ಸರದಿ. ಅಪ್ಪ ದಿಂಬುವನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಾನೆ. ಆಮೇಲೆ ಅಮ್ಮ ಪುಸ್ತಕವನ್ನು ಅವನ ಕೈಗೆ ಕೊಟ್ಟು, ತಾನು ಗುಂಡಿ ಹಚ್ಚಲು ಕೂರುತ್ತಾಳೆ. ಮಾತು ಮಾತ್ರ ಮಾರನೆಯ ಬೆಳಿಗ್ಗೆ, ಟೀ ಹೊತ್ತಿಗೆ. "ಆ ಜಾಗ ನಿನಗೇನನ್ನಿಸ್ತು?" ಅಂತ ಅಪ್ಪ ಕೇಳಿದರೆ ಸಾಕು, ಅಮ್ಮ ಶುರು ಮಾಡುತ್ತಾಳೆ. ಟೀ ಆರಿ ಕೆನೆಗಟ್ಟಿದರೂ ಅವಳಿಗೆ ತಿಳಿಯುವುದಿಲ್ಲ.

ಪ್ಯಾಂಟು ಉದ್ದ ಮಾಡಿಸಲು ಬರುವ ಕೆಳಗಿನ ಮನೆ ಆಂಟಿ, "ನಮ್ಮನೇಲಿ ಒಬ್ರಿದಾರೆ, ಕೈಲಿ ರಿಮೋಟ್ ಕೊಟ್ರೆ ಹೆಂಡ್ತಿ ಹೆಸರೂ ಮರ್ತುಹೋಗತ್ತೆ," ಅನ್ನುತ್ತಿದ್ದಳು. ಅಮ್ಮ ಟೇಪು ಹಿಡಿದುಕೊಂಡೇ ಗಲ್ಲ ಮೇಲೆತ್ತಿ, "ನಮ್ಮನೆಯವರು ಹಾಗಲ್ಲಪ್ಪ. ಓದ್ತಾರೆ," ಅನ್ನುತ್ತಿದ್ದಳು.

ಆ ಸಂಜೆ ಬುಗುರಿ ಗಣಿತದ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಕೂತಳು. ಅಮ್ಮ ಟೇಪು ಇದ್ದ ಕಡೆಯೇ ತೆರೆದು ಓದಿ, ಮುಂದಿನ ಹಾಳೆಗಳತ್ತ ನೋಡದೆ ಪುಸ್ತಕವನ್ನು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಚೀಟಿ ಇದ್ದ ಕಡೆ ಪುಸ್ತಕ ತೆರೆದ. ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ ಬುಗುರಿ ಕಾದಳು. ಅಪ್ಪ ಹಾಳೆ ತಿರುಗಿಸಿದ. ಒಂದು ಕೈ ದಿಂಬುವಿನ ಬೆನ್ನಮೇಲೆ ಆಡುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಹಾಳೆ ತಿರುಗಿಸಿದ. ಕೊನೆಗೆ ಚೀಟಿ ಇಟ್ಟು ಪುಸ್ತಕ ಮುಚ್ಚಿದ.

"ಮುಗೀತಾ ಇವತ್ತಿಂದು?" ಅಮ್ಮ ಹಲ್ಲಿನಲ್ಲಿ ದಾರ ಕಡಿಯುತ್ತ ಕೇಳಿದಳು.

"ಹೂಂ. ಚೆನ್ನಾಗಿದೆ."

ಬುಗುರಿ ಗಣಿತದ ಪುಸ್ತಕವನ್ನು ಮೆಲ್ಲಗೆ ಕೆಳಗಿಳಿಸಿದಳು. ಅಪ್ಪನಿಗೆ ಗೊತ್ತೇ ಆಗಲಿಲ್ವಾ?

ಬೆಳಿಗ್ಗೆ ಟೀ ಹೊತ್ತಿಗೆ ಅಮ್ಮ ಪುಸ್ತಕ ಎತ್ತಿಕೊಂಡವಳು, "ಅರೆ!" ಅಂದಳು. "ನನ್ನನ್ನೇ ಹಿಂದೆ ಹಾಕಿದೀರಲ್ರೀ! ಯಾವಾಗ ಓದಿದ್ರಿ ಇಷ್ಟು?"

ಅಪ್ಪ ಚೀಟಿಯನ್ನು ನೋಡಿದ. ಅಮ್ಮನ ಮುಖ ನೋಡಿದ. "ಅದು... ನಿದ್ದೆ ಬರ್ಲಿಲ್ಲ. ಎದ್ದು ಒಂದಿಷ್ಟು ಓದ್ದೆ."

"ಅಬ್ಬ, ಸದ್ಯ! ಮೊನ್ನೆಯಿಂದ ಹೊಟ್ಟೇಲಿಟ್ಕೊಂಡು ಒದ್ದಾಡ್ತಿದೀನಿ. ಮುಂದಿಂದು ಹೇಳ್ಬೇಡಿ, ನಾನು ಓದಿರೋವರೆಗೆ ಹೇಳಿ. ಅಕ್ಕನಿಗೆ ಹಾಗಾಯ್ತಲ್ಲ, ನಿಮಗೇನನ್ನಿಸ್ತು?"

"ಪಾಪ," ಅಂದ ಅಪ್ಪ.

"ಅಲ್ವಾ? ಯಾರು ಹೆಚ್ಚು ಪಾಪ ಹೇಳಿ, ಅಕ್ಕನಾ ತಂಗಿನಾ?"

"ಇಬ್ರೂನೂ," ಅಪ್ಪ ಟೀ ಊದಿದ. "ನೋಡಿದ್ರೆ ದೋಣೀನೂ ಪಾಪವೇ."

ಬುಗುರಿಗೆ ತಡೆಯಲಾಗಲಿಲ್ಲ. ಬಾಯಲ್ಲಿದ್ದ ಹಾಲು ಮೂಗಿಗೆ ಏರಿತು. "ಅಮ್ಮಾ! ಅಪ್ಪ ಓದೇ ಇಲ್ಲ! ಚೀಟಿ ಜರುಗಿಸಿದ್ದು ನಾನು! ನಿನ್ನೆ ಸಂಜೆ ಸುಮ್ನೆ ಹಾಳೆ ತಿರುಗಿಸ್ತಾ ಕೂತಿದ್ದ, ನಾನು ನೋಡ್ದೆ!" ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಿರುವುದು ತಾನೊಬ್ಬಳೇ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಅಕ್ಕನಿಗೆ ಏನಾಯ್ತು?" ಅಂತ ಅಮ್ಮ ಕೇಳಿದಳು. ಮೆಲ್ಲಗೆ, ಚಿಕ್ಕ ಮಗುವನ್ನು ಕೇಳುವ ಹಾಗೆ.

ಅಪ್ಪ ಲೋಟದೊಳಗೆ ನೋಡಿದ. "ಮದುವೆ... ಆಯ್ತಲ್ವಾ?"

"ಸತ್ತುಹೋದಳು ರೀ. ಪ್ರವಾಹ ಬಂತು, ದೋಣಿ ಮಗುಚ್ತು. ಮೊನ್ನೆ ಇಲ್ಲೇ ಕೂತು ಅತ್ತಿದ್ದೆ ನಾನು. ಕಣ್ಣಿಗೇನು ಬಿತ್ತು ಅಂತ ಕೇಳಿದ್ರಿ. ನೀವಿನ್ನೂ ಓದಿಲ್ವಲ್ಲ ಅಂತ ಧೂಳು ಅಂದೆ." ಅಮ್ಮ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಳು. ಮತ್ತೆ ಕೇಳಿದಳು: "ಇದರ ಹಿಂದಿನ ಪುಸ್ತಕ?"

ಅಪ್ಪ ಲೋಟವನ್ನು ಅಂಗೈಯಲ್ಲಿ ತಿರುಗಿಸಿದ.

"ಅದರ ಹಿಂದಿಂದು?"

"ಮೊದಮೊದಲು ಓದ್ತಿದ್ದೆ."

"ಮೊದಮೊದಲು ಅಂದ್ರೆ?"

"ಇವಳು ಹುಟ್ಟೋಕೆ ಮುಂಚೆ."

"ಹಾಗಾದ್ರೆ ಇಷ್ಟು ವರ್ಷ ನಾನು ಗೋಡೆ ಹತ್ರ ಮಾತಾಡಿದೆ ಅನ್ನಿ," ಅಂದಳು ಅಮ್ಮ. ಪುಸ್ತಕದಿಂದ ಚೀಟಿ ತೆಗೆದು, ಸೆರಗಲ್ಲಿ ಒರೆಸಿ, ಅಪ್ಪನ ಟೂಲ್ ಬ್ಯಾಗಿನ ಜೇಬಿಗೆ ಹಾಕಿದಳು. "ನಿಮ್ಮ ಕಂಪನಿ ಸಾಮಾನು. ಬೇಕಾಗತ್ತೆ."

ಆ ಸಂಜೆ ಮಷಿನ್ ನಿಂತ ಮೇಲೂ ಅಮ್ಮ ಹೊರಗೆ ಬರಲಿಲ್ಲ. ಹೊಲಿಗೆ ಕೋಣೆಯಲ್ಲೇ ಕೂತು ಓದಿದಳು. ಬಾಗಿಲು ಅರ್ಧ ಮುಚ್ಚಿತ್ತು. ಅಪ್ಪ ಕುರ್ಚಿಯಲ್ಲಿ ಕೂತ, ದಿಂಬು ತೊಡೆ ಹತ್ತಿತು. ಆದರೆ ಕೈಗೆ ಪುಸ್ತಕ ಬರುವುದಿಲ್ಲ ಅಂತ ಗೊತ್ತಿದ್ದರೆ ಕಾಯುವುದಾದರೂ ಹೇಗೆ? "ಯಾವುದೋ ಲಿಫ್ಟ್ ನೋಡ್ಬೇಕು," ಅಂತ ಯಾರಿಗೋ ಹೇಳಿದ ಹಾಗೆ ಹೇಳಿ ಎದ್ದುಹೋದ. ಮಾರನೆಯ ದಿನವೂ ಅಷ್ಟೇ. ಆಮೇಲೆ ಸಂಜೆ ಡ್ಯೂಟಿಯನ್ನೇ ಕೇಳಿ ಹಾಕಿಸಿಕೊಂಡ.

ಬೆಳಗಿನ ಟೀ ಈಗ ಬಿಸಿಬಿಸಿಯಾಗಿಯೇ ಮುಗಿಯುತ್ತಿತ್ತು.

"ಸಕ್ಕರೆ ಸಾಕಾ?"

"ಸಾಕು."

ಕೆಳಗಿನ ಮನೆ ಆಂಟಿ ಬಂದು ಮತ್ತೆ ರಿಮೋಟಿನ ಮಾತು ತೆಗೆದಳು. ಅಮ್ಮನ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಅವಳು ಏನೂ ಹೇಳಲಿಲ್ಲ. ಪಿನ್ನು ಮುಗಿದ ಮೇಲೂ ಹೇಳಲಿಲ್ಲ.

ಬುಗುರಿ ಒಂದು ದಿನ ಟೂಲ್ ಬ್ಯಾಗಿನಿಂದ ಚೀಟಿ ಕದ್ದು, ಪುಸ್ತಕದಲ್ಲಿ ಅದು ಮೊದಲಿದ್ದ ಜಾಗ ಹುಡುಕಿ, ಸರಿಯಾಗಿ ಅಲ್ಲೇ ಇಟ್ಟಳು. ಬೆಳಿಗ್ಗೆ ಎದ್ದು ನೋಡಿದರೆ ಚೀಟಿ ಅವಳ ತಟ್ಟೆಯ ಪಕ್ಕದಲ್ಲಿತ್ತು.

"ಇಂಥದ್ದಕ್ಕೆ ಇನ್ನು ಕೈ ಹಾಕ್ಬೇಡ ಪುಟ್ಟಾ," ಅಂದಳು ಅಮ್ಮ. ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಬೈಯಲಿಲ್ಲ.

ಭಾನುವಾರ ಅಪ್ಪ ಮೆಟ್ಟಿಲ ಮೇಲೆ ಕೂತು ಸ್ಪ್ಯಾನರುಗಳಿಗೆ ಎಣ್ಣೆ ಹಚ್ಚುತ್ತಿದ್ದ. ದಿಂಬು ಅವನ ಪಾದಕ್ಕೆ ಆತುಕೊಂಡು ಮಲಗಿತ್ತು. ಬುಗುರಿ ಒಂದು ಮೆಟ್ಟಿಲು ಕೆಳಗೆ ಕೂತಳು.

"ಅಪ್ಪ, ನೀನ್ಯಾಕೆ ಓದ್ತಿರ್ಲಿಲ್ಲ?"

ಅಪ್ಪ ಬಟ್ಟೆಯಲ್ಲಿ ಕೈ ಒರೆಸಿದ. "ಬೆಳಿಗ್ಗೆಯಿಂದ ಆ ಲಿಫ್ಟಿನ ಕತ್ತಲೆ ಗುಂಡೀಲಿ ಟಾರ್ಚ್ ಹಿಡ್ಕೊಂಡು ವೈರು ನೋಡೀ ನೋಡೀ, ಸಂಜೆ ಪುಸ್ತಕ ತೆಗೆದ್ರೆ ಅಕ್ಷರ ಎಲ್ಲಾ ಇರುವೆ ಥರ ಹರಿದಾಡೋವು."

"ಹಾಗಂತ ಹೇಳ್ಬೋದಿತ್ತಲ್ಲ."

"ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಅಷ್ಟು ವರ್ಷ ಹೋಯ್ತು. ಹೇಳಿದ್ರೆ ನಿಮ್ಮಮ್ಮ ಇನ್ನು ನನ್ನ ಜೊತೆ ಯಾಕೆ ಕೂರ್ತಾಳೆ ಅಂತ ಭಯ."

"ಮತ್ತೆ ಅಷ್ಟೊತ್ತು ಏನ್ಮಾಡ್ತಿದ್ದೆ?"

ಅಪ್ಪನಿಗೆ ನಾಚಿಕೆಯಾಯಿತು. ದೊಡ್ಡವರಿಗೂ ಹಾಗಾಗುವುದನ್ನು ಬುಗುರಿ ನೋಡಿದ್ದು ಅದೇ ಮೊದಲು. "ಅವಳು ಓದೋದನ್ನ ಯಾವತ್ತಾದ್ರೂ ನೋಡಿದೀಯಾ? ತುಟಿ ಅಲ್ಲಾಡ್ತಿರತ್ತೆ. ನಗು ಬರೋಕೆ ಮುಂಚೆ ಮೂಗು ಅರಳತ್ತೆ. ಭಯ ಆದ್ರೆ ಕಾಲ್ಬೆರಳು ಮಡಚ್ಕೋತಾಳೆ. ನನಗೆ ಅರ್ಧ ಕತೆ ಅಲ್ಲೇ ಗೊತ್ತಾಗ್ತಿತ್ತು. ಇನ್ನರ್ಧ ಬೆಳಿಗ್ಗೆ ಅವಳೇ ಹೇಳ್ತಿದ್ಲು. ಆಮೇಲೆ ಪುಸ್ತಕ ನನ್ನ ಕೈಗೆ ಬಂದಾಗ ಹಾಳೆ ತಿರುಗಿಸ್ತಾ ಅದನ್ನೇ ನೆನೆಸ್ಕೊಳ್ಳೋದು, ಇಷ್ಟೇ."

ಬುಗುರಿ ಎದ್ದು ನಿಂತಿದ್ದಳು. ಎಲ್ಲ ಸರಿಹೋಗುವ ದಾರಿ ಅವಳಿಗೆ ಸಿಕ್ಕಿಬಿಟ್ಟಿತ್ತು.

"ಏ, ನಿಲ್ಲು! ಅಲ್ಲಿ ಹೋಗಿ ಅಮ್ಮನ ಕಿವೀಲಿ ಊದ್ಬೇಡ!" ಅಪ್ಪ ಕೂಗಿದ. ಅವಳು ಆಗಲೇ ಮೇಲಿನ ಮೆಟ್ಟಿಲು ದಾಟಿದ್ದಳು.

ಅಮ್ಮ ಪೂರ್ತಿ ಕೇಳಿಸಿಕೊಂಡಳು. ಮಷಿನಿನ ಪೆಡಲ್ ಮೇಲಿದ್ದ ಕಾಲು ನಿಂತಿತು. ಮುಖ ಕೆಂಪಗಾಯಿತು.

"ಹಾಗಂದ್ರಾ?" ಅಂದಳು. ಆಮೇಲೆ ಎರಡು ಬೆರಳಿಂದ ತನ್ನ ತುಟಿ ಮುಟ್ಟಿ ನೋಡಿಕೊಂಡಳು. "ಅಲ್ಲಾಡತ್ತಾ? ನನಗೆ ಗೊತ್ತೇ ಇರ್ಲಿಲ್ಲ."

ಸಂಜೆ ಅಮ್ಮ ಪುಸ್ತಕ ಹಿಡಿದು ಹೊರಗೆ ಬಂದಳು! ತನ್ನ ಹಳೆಯ ಜಾಗದಲ್ಲೇ ಕೂತಳು. ಯಾರನ್ನೂ ಕರೆಯಲಿಲ್ಲ. ಆದರೆ ಅಪ್ಪ ಬಂದ, ಕೈ ತೊಳೆದುಕೊಂಡು ತನ್ನ ಕುರ್ಚಿಯಲ್ಲಿ ಕೂತ. ದಿಂಬು ಒಂದು ಕ್ಷಣವೂ ತಡ ಮಾಡದೆ ತೊಡೆ ಹತ್ತಿತು. ಗಣಿತದ ಪುಸ್ತಕದ ಹಿಂದೆ ಬುಗುರಿಯ ಎದೆ ಕುಣಿಯುತ್ತಿತ್ತು.

ಇವತ್ತು ತಾನೂ ನೋಡಬೇಕು ಅಂದುಕೊಂಡಳು ಅವಳು. ಹುಟ್ಟಿದಾಗಿನಿಂದ ಇದೇ ಮನೆಯಲ್ಲಿದ್ದರೂ, ಅಮ್ಮ ಓದುವಾಗ ಅವಳ ಮುಖವನ್ನು ಸರಿಯಾಗಿ ನೋಡಿದ್ದೇ ಇಲ್ಲ.

ಅಮ್ಮ ಪುಸ್ತಕ ತೆರೆದಳು. ಹಳದಿ ಟೇಪು ಮಡಿಲಿಗೆ ಬಿತ್ತು. ಅದೊಂದೇ ಗುರುತು ಈಗ.

ಅಮ್ಮನ ತುಟಿ ಅಲ್ಲಾಡಲಿಲ್ಲ. ಎರಡೂ ತುಟಿಗಳನ್ನು ಅವಳು ಒತ್ತಿ ಹಿಡಿದಿದ್ದಳು. ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಿದ್ದಳು. ಅಪ್ಪ ಒಮ್ಮೆ ಅವಳ ಕಡೆ ನೋಡಿದ. ಅದು ತಿಳಿದವಳ ಹಾಗೆ ಅಮ್ಮ ಪುಸ್ತಕವನ್ನು ಮೇಲಕ್ಕೆತ್ತಿದಳು. ಮುಖವೇ ಕಾಣದಷ್ಟು ಮೇಲಕ್ಕೆ.

ಅಪ್ಪ ತಲೆ ತಗ್ಗಿಸಿ ದಿಂಬುವಿನ ಕಿವಿ ಸವರತೊಡಗಿದ.

ಬುಗುರಿಯ ಎದೆ ಕುಣಿಯುವುದು ನಿಂತಿತು. ಮೊದಲು ಚೀಟಿ ಜರುಗಿಸಿದ್ದು ತಮಾಷೆಗೆ. ಇವತ್ತು ಮೆಟ್ಟಿಲು ಹತ್ತಿ ಓಡಿದ್ದು ತಮಾಷೆಗಲ್ಲ. ಆದರೂ ಎರಡನೆಯ ಸಲ ಕಳೆದುಹೋದದ್ದು ಮೊದಲನೆಯದಕ್ಕಿಂತ ದೊಡ್ಡದು ಅಂತ ಅವಳಿಗೆ ಅನ್ನಿಸಿತು. ಅಷ್ಟು ವರ್ಷ ಯಾರಿಗೂ ತಿಳಿಯದೆ ಅಲ್ಲಾಡುತ್ತಿದ್ದ ತುಟಿ ಅದು. ಈಗ ನೋಡೋಣ ಅಂದರೆ ಇಲ್ಲ.

ಮನೆಯಲ್ಲಿ ದಿಂಬುವಿನ ಗೊರಗೊರ ಒಂದೇ ಕೇಳುತ್ತಿತ್ತು. ಬುಗುರಿ ಲೆಕ್ಕ ಬಿಡಿಸಲು ನೋಡಿದಳು. ಆಗಲಿಲ್ಲ. ತಲೆ ಎತ್ತಿದಳು.

ಅಮ್ಮನ ಪುಸ್ತಕದ ಅಂಚಿನ ಮೇಲೆ ಎರಡು ಕಣ್ಣು ಮೂಡಿದವು. ಬೆಕ್ಕಿನ ಕಿವಿಯಲ್ಲಿ ಸಿಕ್ಕಿಕೊಂಡ ಕಸ ತೆಗೆಯಲು ಅದರ ಮೇಲೆ ಬಗ್ಗಿದ್ದ ಅಪ್ಪನನ್ನು ನೋಡಿದವು. ತಟ್ಟನೆ ಮುಳುಗಿದವು. ಸ್ವಲ್ಪ ಹೊತ್ತಿಗೆ ಮತ್ತೆ ಮೂಡಿದವು. ಈ ಸಲ ಬೇಗ ಮುಳುಗಲಿಲ್ಲ.

ಅಮ್ಮ ಕೂತಾಗಿನಿಂದ ಒಂದು ಹಾಳೆಯನ್ನೂ ತಿರುಗಿಸಿಲ್ಲ ಅನ್ನುವುದು ಬುಗುರಿಗೆ ಆಗ ಹೊಳೆಯಿತು.

"ಅಪ್ಪಾ..." ಅವಳ ಬಾಯಿ ತಾನಾಗಿ ತೆರೆದುಕೊಂಡಿತು.

"ಏನು?" ಅಂದ ಅಪ್ಪ, ಬಗ್ಗಿದವನು ಬಗ್ಗಿದ ಹಾಗೇ.

ಅಮ್ಮನ ಪುಸ್ತಕ ಒಂದು ಚೂರು ನಡುಗಿತು.

"ಏನಿಲ್ಲ," ಅಂದಳು ಬುಗುರಿ. "ಪೆನ್ಸಿಲ್ ಸಿಕ್ತು."

ಅವಳು ಗಣಿತದ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. ಅಂಚಿನಿಂದ ಇಣುಕಿದರೆ, ಅಪ್ಪನ ತೊಡೆಯ ಮೇಲಿಂದ ದಿಂಬು ಒಂದೇ ಒಂದು ಕಣ್ಣು ತೆರೆದು ಅವಳನ್ನೇ ನೋಡುತ್ತಿತ್ತು.

ನಾನೇನೂ ನೋಡಿಲ್ಲ, ಅಂತ ಬುಗುರಿ ತುಟಿಯನ್ನಷ್ಟೇ ಅಲ್ಲಾಡಿಸಿ ಅದಕ್ಕೆ ಹೇಳಿದಳು.