ಬಿಗಿದ ಪ್ಲಗ್ಗು

ಅವನ ಕೆನ್ನೆಗೆ ಅಂಟಿದ್ದ ಗ್ರೀಸನ್ನು ಸಂಗೀತದ ಟೀಚರ್ ತನ್ನ ಕರವಸ್ತ್ರದಿಂದ ಒರೆಸಿದಳು. ಅವನು ನಕ್ಕ.

ರಿಪೇರಿಗೆ ಬಂದಿದ್ದ ಟೀಚರ್ ಕಾರಿನ ಇನ್ನೊಂದು ಪಕ್ಕದಲ್ಲಿ ನಿಂತಿದ್ದ ಪುಟ್ಟಿಯ ಎದೆಗೆ ಬೆಂಕಿ ಬಿದ್ದಂತಾಯಿತು.

ಗ್ಯಾರೇಜು ಅವಳ ಅಪ್ಪನದು. ಇಂಜಿನ್ ಕೆಲಸದಲ್ಲಿ ಅಪ್ಪನಿಗಿಂತ ಅವಳ ಕೈಯೇ ವಾಸಿ. ನಕ್ಕವನು ಅವಳ ಜೊತೆಗೇ ವರ್ಷಗಳಿಂದ ದುಡಿಯುತ್ತಿದ್ದ ಮೆಕ್ಯಾನಿಕ್. ಮಾತು ಕಡಿಮೆಯೆಂದು ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು.

'ನನ್ನ ಹತ್ರ ಮಾತಾಡೋಕೆ ಬಾಯಿಗೆ ಬೀಗ... ಇವಳ ಮುಂದೆ ನೋಡು, ಹಲ್ಲೆಲ್ಲ ಕಾಣ್ತಿದೆ!'

ಟೀಚರ್ ಏನೋ ಪಿಸುಗುಟ್ಟಿದಳು. ಅವನು ತಲೆ ತಗ್ಗಿಸಿ ಏನೋ ಹೇಳಿದ. ಈ ಸಲ ಟೀಚರ್ ಜೋರಾಗಿ ನಕ್ಕಳು.

ಪುಟ್ಟಿಯ ಕೈಯಲ್ಲಿ ಕೊನೆಯ ಸ್ಪಾರ್ಕ್ ಪ್ಲಗ್ಗಿತ್ತು. ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಬೇಕು, ಆಮೇಲೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಹಾಕಿ, ಅದು ಟಕ್ ಎಂದ ಕೂಡಲೇ ನಿಲ್ಲಿಸಬೇಕು. ಪ್ಲಗ್ಗು ಕೂರುವ ಇಂಜಿನ್ನಿನ ಅಲ್ಯೂಮಿನಿಯಂ ಹೆಡ್ಡು ಬಲು ಮೆದು. ಇದನ್ನೆಲ್ಲ ನಿದ್ದೆಯಲ್ಲೂ ಹೇಳಬಲ್ಲವಳು, ಅಂದು ಕೈಗೆ ಸಿಕ್ಕ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಹಲ್ಲು ಕಚ್ಚಿ ತಿರುಗಿಸಿದಳು.

ಬಿಗಿಯಾಗುತ್ತಿದ್ದ ಪ್ಲಗ್ಗು ಒಮ್ಮೆಲೇ ಸಡಿಲಾಗಿ ಸುಮ್ಮನೆ ತಿರುಗತೊಡಗಿತು.

ಹೆಡ್ಡಿನ ರಂಧ್ರದೊಳಗೆ ಪ್ಲಗ್ಗನ್ನು ಹಿಡಿದಿಡುವ ಥ್ರೆಡ್ ಹರಿದುಹೋಗಿತ್ತು.

ಮೌನಿ ಬಂದು ನೋಡಿದ, ಬಿದ್ದಿದ್ದ ಸ್ಪ್ಯಾನರನ್ನೂ ನೋಡಿದ. ನೇರ ಟೀಚರ್ ಹತ್ತಿರ ಹೋಗಿ, ತನ್ನಿಂದ ತಪ್ಪಾಯಿತು, ಕಾರು ಇವತ್ತು ಸಿಗುವುದಿಲ್ಲ ಎಂದ.

ಪುಟ್ಟಿಗೆ ಇನ್ನೂ ಉರಿಯಿತು. ಅವಳ ಮುಂದೆ ಒಳ್ಳೆಯವನಾಗುವುದಕ್ಕೆ ನನ್ನ ತಪ್ಪೇ ಬೇಕಿತ್ತೇ?

"ಕೆಡಿಸಿದ್ದು ನಾನು. ಇವನಲ್ಲ," ಎಂದಳು.

ಟೀಚರ್ ಒಂದು ಗಳಿಗೆ ಅವಳನ್ನೇ ನೋಡಿದಳು. ಆ ಕಣ್ಣಲ್ಲಿ ಕೋಪವಿರಲಿಲ್ಲ, ಸಣ್ಣ ನೋವಿತ್ತು. ನಿಧಾನವಾಗಿ ಮಾಡಿ, ಅವಸರವಿಲ್ಲ ಎಂದು ಹೇಳಿ ನಡೆದುಹೋದಳು.

ಅಪ್ಪ ಬೈದಿದ್ದೂ ಆಯಿತು. ಮಧ್ಯಾಹ್ನವೆಲ್ಲ ಪುಟ್ಟಿ, ಮೌನಿ ಇಬ್ಬರೂ ಒಂದೇ ಬಾನೆಟ್ಟಿನ ಕೆಳಗೆ ಬಗ್ಗಿ ಹಾಳಾದ ರಂಧ್ರವನ್ನು ಕೊರೆದು, ಪುಡಿಯನ್ನೆಲ್ಲ ತೆಗೆದು, ಹೊಸ ಥ್ರೆಡ್ಡಿರುವ ಲೋಹದ ಬುಷ್ ಕೂರಿಸಿದರು. ಅವನ ಭುಜ ತಾಗಿದಾಗಲೆಲ್ಲ ಅವಳು ಸರಿದು ನಿಂತಳು.

ಕೊನೆಗೆ ತಡೆಯಲಾಗಲಿಲ್ಲ. "ಮದ್ವೆ ಯಾವಾಗ?"

"ಯಾರದ್ದು?"

"ನಿಂದು. ಟೀಚರ್ ಜೊತೆ."

ಅವನು ಬೆನ್ನು ನೆಟ್ಟಗೆ ಮಾಡಿದ. "ಅವರು ಕೇಳಿದ್ದು ನಿಜ. ಇವತ್ತು ಬೆಳಿಗ್ಗೆನೇ ಕೇಳಿದ್ರು."

ಹಾಗಾದರೆ ತನ್ನ ಅನುಮಾನ ಸುಳ್ಳಲ್ಲ...

"ಆಗಲ್ಲ ಅಂದೆ. ನನ್ನ ಮನಸ್ಸಲ್ಲಿ ಬೇರೆಯವಳಿದ್ದಾಳೆ, ಇಲ್ಲೇ ಇದ್ದಾಳೆ ಅಂದೆ. ಅವಳಿಗೆ ಹೇಳಿದ್ದೀರಾ ಅಂತ ಕೇಳಿದ್ರು. ಎರಡು ವರ್ಷದಿಂದ ಹೇಳ್ಬೇಕು ಅನ್ಕೋತಿದೀನಿ ಅಂದೆ. ಅದಕ್ಕೇ ಅಷ್ಟು ನಕ್ಕಿದ್ದು."

ಪುಟ್ಟಿಯ ಕಣ್ಣು ತುಂಬಿ ಬಂತು. ಮುಖ ತಿರುಗಿಸಿಕೊಂಡಳು.

"ನನಗೆ ಹೊಟ್ಟೆಕಿಚ್ಚು ಜಾಸ್ತಿ. ನೋಡಿದ್ಯಲ್ಲ, ಏನ್ ಮಾಡ್ದೆ ಅಂತ. ನಾಳೆ ಇನ್ನೊಬ್ಬಳು ಬಂದ್ರೂ ಹೀಗೇ ಮಾಡ್ತೀನೇನೋ..."

"ಇಂಜಿನ್ ಮುಟ್ಬೇಡ. ನನ್ನನ್ನ ಬೈ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಎಣ್ಣೆಗೈಯಲ್ಲೇ ಅವನ ಕೈ ಹಿಡಿದಳು.

"ಅಪ್ಪನ ಹತ್ರ ಯಾರು ಮಾತಾಡೋದು?"

"ನೀನೇ ಮಾತಾಡು. ನಿಮ್ಮಪ್ಪ ಅಲ್ವಾ?"

"ಆಗಲ್ಲ. ಎರಡು ವರ್ಷ ಕಾಯಿಸಿದ್ದೀಯ. ಇದನ್ನ ನೀನೇ ಹೇಳ್ಬೇಕು."

"ಜೊತೆಗೆ ಬರ್ತೀಯಾ?"

"ಬರ್ತೀನಿ, ನಡಿ," ಎಂದಳು ಪುಟ್ಟಿ.